ಗುಂಜಿ ತೂಕ

ಖಲ್ಫಾನ್ ಬಂದಾಗ ನಿಜ್ವಾದ ಸೂಕಿನಲ್ಲಿ
ಬೆಳ್ಳಿಯಂಗಡಿಗಳ ಷಟರು ಅರ್ಧ ಎದ್ದಿತ್ತು.
ಖಂಜರಿನ ಒರೆ ರಿಪೇರಿಗಿರಬೇಕು ಅಂದುಕೊಂಡೆ.
ಕರವಸ್ತ್ರ ಬಿಚ್ಚಿ ಗಾಜಿನ ಮೇಲೆ ಸುರಿದ
ಇಪ್ಪತ್ತು ಹಿತ್ತಾಳೆ ತೋಟಾ, ಖಾಲಿ,
ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ಬಿಟ್ಟಿದ್ದವು.

"ಇವುಗಳ ಕುತ್ತಿಗೆ ಸಣ್ಣದಾಗಬೇಕು, ಸಾಯಿಗ್.
ಭುಜ ಒಂದಿಷ್ಟು ಹಿಂದೆ ಸರಿಯಬೇಕು.
ಯಾವ ಕಾರ್ಖಾನೆಯೂ ಮಾಡುವುದಿಲ್ಲ.
ಇಂಥ ಹುಟ್ಟಿಗೆ ಕಾಡುಬೆಕ್ಕು ಅನ್ನುತ್ತಾರೆ."

ನಾನು ಕುಮಟೆಯ ರಾಯ್ಕರ.
ನಮ್ಮಲ್ಲಿ ಗುಂಡು ಎಂದರೆ
ಕರಿಮಣಿಯ ನಡುವೆ ಪೋಣಿಸುವ ಬಂಗಾರದ್ದು.
ಮದ್ದು ಎಂದರೆ ಕೆಮ್ಮಿಗೆ ಜೇನಿನಲ್ಲಿ ಕಲಸಿದ್ದು.
ಹಾಗೆಂದೆ. ಅವನು ನಗಲಿಲ್ಲ.
ಕ್ಲಬ್ಬಿನ ಪರವಾನಗಿ ತೆಗೆದು ತೋರಿಸಿದ,
ಮೊಹರು ಸಮೇತ, ನಾನು ಕೇಳದಿದ್ದರೂ.

ದೊಡ್ಡದನ್ನೇ ಕೊಳ್ಳಬಾರದೇಕೆ ಅಂದೆ.
"ದೊಡ್ಡ ಹೊಟ್ಟೆಯದು ಹೆಗಲು ಒದೆಯುತ್ತದೆ,
ನಳಿಗೆಯ ಗಂಟಲು ಸುಡುತ್ತದೆ.
ನನಗೆ ಬೇಕಾದ್ದು
ಮಿತವಾಗಿ ಉಂಡು ದೂರ ನಡೆಯುವಂಥದ್ದು."

ಹಿತ್ತಾಳೆ ಹಟಮಾರಿ, ಒತ್ತಿದಷ್ಟೂ ಸೆಡೆಯುತ್ತದೆ.
ಮೊದಲ ಮೂರು ಅಚ್ಚಿನೊಳಗೇ ಸೀಳಿದವು.
ಆಮೇಲೆ ದೀಪ ಆರಿಸಿ ಕೂತೆ:
ಬುಡ ನೀರಿನಲ್ಲಿ, ಕುತ್ತಿಗೆ ಜ್ವಾಲೆಯ ತುದಿಯಲ್ಲಿ.
ಕೆಂಪಾಗುವ ಮುಂಚಿನ ಒಂದು ಬಣ್ಣವಿದೆ.
ಅಪ್ಪ ಅದಕ್ಕೆ ಹೆಸರಿಟ್ಟಿರಲಿಲ್ಲ,
"ಈಗ" ಎನ್ನುತ್ತಿದ್ದ, ಅಷ್ಟೆ.
ಕತ್ತಲಲ್ಲಿ ನಾನೂ ಹದಿನೇಳು ಸಲ
"ಈಗ" ಎಂದೆ.

ಮದ್ದು ತೂಗಿದ್ದು ಅವನ ಮನೆಯಲ್ಲಿ,
ಬಿರ್ಕತ್ ಅಲ್ ಮೌಝ್‌ನಲ್ಲಿ.
ಅವನ ಕರೆಂಟಿನ ತಕ್ಕಡಿಯಲ್ಲಿ ಅಂಕಿ ನಿಲ್ಲದೆ ತೂಗಾಡುತ್ತಿತ್ತು.
ನನ್ನ ಹಳೆಯ ತ್ರಾಸು ತಂದಿದ್ದೆ.
ಏಸಿ ಆರಿಸಿದ, ಮೊಮ್ಮಗನನ್ನು ಆಚೆ ಕಳಿಸಿದ,
ನಾವಿಬ್ಬರೂ ಉಸಿರನ್ನು ಪಕ್ಕಕ್ಕೆ ಬಿಟ್ಟೆವು.
ಅವನದು ಗ್ರೇನು, ನನ್ನದು ಗುಂಜಿ.
ಒಂದು ಗುಂಜಿಗೆ ಹೆಚ್ಚುಕಡಿಮೆ ಎರಡು ಗ್ರೇನು.
ಅವರ ಜವೆಗೋಧಿಯ ಕಾಳೂ ನಮ್ಮ ಕೆಂಪು ಬೀಜವೂ
ಹೀಗೆ ಸಂಬಂಧಿಕರೆಂದು ಅಂದು ಗೊತ್ತಾಯಿತು.

"ಒಂದು ಗುಂಜಿ ತಪ್ಪಿದರೆ?" ಕೇಳಿದೆ.
"ಕಡಿಮೆಯಾದರೆ ಆಚೆ ಆಳುದ್ದ ಕೆಳಗೆ ಬೀಳುತ್ತದೆ.
ಹೆಚ್ಚಾದರೆ, ಇಲ್ಲಿ, ನನ್ನ ಕೆನ್ನೆಯ ಪಕ್ಕ."

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡನಂತೆ.
ಗಾದೆ ಕೇಳಿ ಊರೆಲ್ಲ ನಗುತ್ತಿತ್ತು, ನಾನೂ.
ಸುಗಂಧಕ್ಕನ ಎರಡೆಳೆ ಸರ ಕರಗಿಸಿ ಕೊಟ್ಟ ವರ್ಷ
ವೀಸಾದ ಏಜೆಂಟನಿಗೆ ಕೊನೆಯ ಕಂತು ಬಾಕಿಯಿತ್ತು.
ಅವಳು ತೂಗಿಸಲಿಲ್ಲ.
ಕೊರಳಿಗೆ ಹಾಕಿ, "ಹಗುರಾಗಿದೆ ಕಣೋ,
ಚೆನ್ನಾಗಿದೆ" ಅಂದಳು.

ಆದಮ್ ದಾಟಿ, ಕಲ್ಲುಬಯಲು.
ಸೂರ್ಯ ಎದ್ದು ಅರ್ಧ ಗಂಟೆ, ಆಗಲೇ ಬಿಸಿಲ್ಗುದುರೆ.
ಖಲ್ಫಾನ್ ಮಗ್ಗುಲಾಗಿ ಮಲಗಿ ಅದನ್ನೇ ಓದಿದ,
ಅದರ ಬಾಲ ಯಾವ ಕಡೆ ಹಾರುತ್ತದೆಂದು.
ನನಗದು ನೀರು, ಅವನಿಗೆ ಗಾಳಿ.
ಮೊದಲನೆಯದು ತಟ್ಟೆಯ ಎಡಕ್ಕೆ ಧೂಳೆಬ್ಬಿಸಿತು.
ಎರಡನೆಯದೂ ಎಡಕ್ಕೇ, ಆದರೆ ಕಡಿಮೆ.
ಎತ್ತರ ಮಾತ್ರ ಎರಡರದೂ ಒಂದೇ.
ನಾನು ನೋಡಿದ್ದು ಅದನ್ನೇ.

ಮೂರನೆಯದಕ್ಕೆ ದುರ್ಬೀನಿನಲ್ಲಿ ತಟ್ಟೆ ಓಲಾಡಿತು,
ಸದ್ದಿಲ್ಲದೆ.
ಆಮೇಲೆ, ಅವನು ಉಸಿರು ತೆಗೆದುಕೊಂಡ ಮೇಲೆ,
ಸಾವಿರದ ನೂರು ಮೀಟರು ನಡೆದು ಬಂತು
ಟಣ್ ಎಂಬ ಸಣ್ಣ ಸದ್ದು.

ಬೆಕ್ಕಿಗೆ ಗಂಟೆ ಕಟ್ಟುವವರಾರು ಎಂಬ ನಮ್ಮ ಮಾತನ್ನು
ಹರುಕು ಅರಬ್ಬಿಯಲ್ಲಿ ಹೇಳಿದೆ.
ಅವನು ಬಹಳ ಹೊತ್ತು ಯೋಚಿಸಿದ.
"ಕೊನೆಗೆ ಇಲಿಗಳು ಏನು ಮಾಡಿದವು?"
ಗೊತ್ತಿಲ್ಲ ಎಂದೆ.

ಖಾಲಿ ತೋಟಾ ಹೆಕ್ಕಿ ನನ್ನ ಅಂಗೈಗೆ ಹಾಕಿದ,
ಇನ್ನೂ ಬಿಸಿಯಿತ್ತು.
"ಮತ್ತೆ ಹದ ಮಾಡಬೇಕು ಇವನ್ನು."
ಲೆಕ್ಕ ಮಾಡಿದೆ: ಮೂರು.
ಒಂದೊಂದನ್ನೂ ಬೆಳಕಿಗೆ ಹಿಡಿದು
ಸೀಳು ಹುಡುಕಿದೆ.
ಒಂದರ ಕುತ್ತಿಗೆಯಲ್ಲಿ ಕೂದಲೆಳೆಯಷ್ಟು ಗೆರೆ.
ಹೇಳಿದೆ.